ಎದುರು ಅಂಗಡಿಯವರ ಕೋವಿ ಸ್ಟ್ಯಾಂಡು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮರ್ಯಾದೆಗಾಗಿ ಬರೆದಿಲ್ಲ ಎಂದು ಯಾರಾದರೂ ತಿಳಿದುಕೊಂಡರೆ ನನಗೆ ಲಾಭವೇ. ನಿಜ ಏನೆಂದರೆ, ಅವರು ಬದುಕಿದ್ದಾಗಲೂ ಆ ಹೆಸರು ನನ್ನ ಬಾಯಿಂದ ಬಂದದ್ದು ಕಡಿಮೆ. ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ರಸ್ತೆಯಲ್ಲಿ ಒಂದು ಬದಿಗೆ ನನ್ನ ಫರ್ನಿಚರ್ ಅಂಗಡಿ, ಇನ್ನೊಂದು ಬದಿಗೆ ಅವರ ಮರಗೆಲಸದ ಶೆಡ್ಡು. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷವೂ ಅವರು 'ಎದುರಿನವರು' ಅಷ್ಟೆ. ಊರಿನವರೆಲ್ಲ ಬಾಯಿ ತುಂಬ ಹೆಸರು ಹಿಡಿದು ಕರೆಯುತ್ತಿದ್ದರು, ನಾನೊಬ್ಬ ಕರೆಯದಿದ್ದರೆ ಅವರಿಗೇನು ನಷ್ಟ ಎಂದು ಸುಮ್ಮನಿದ್ದೆ.

ಹೋದ ತಿಂಗಳು ತೀರಿಕೊಂಡರು. ಶೆಡ್ಡಿನ ಬಾಗಿಲು ಹಾಕಿದೆ. ಆದರೂ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಕೂಡಲೇ ನನ್ನ ಕಣ್ಣು ಆ ಕಡೆಗೇ ಹೋಗುತ್ತದೆ. ಎಷ್ಟು ಜನ ನಿಂತಿದ್ದಾರೆ, ಯಾರ ಜೀಪು ಬಂದಿದೆ ಎಂದು ನೋಡುವುದು ನನಗೆ ಅಷ್ಟು ರೂಢಿಯಾಗಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮರಗೆಲಸದಲ್ಲಿ ನಾನು ಅವರಿಗಿಂತ ಮೇಲು. ಚೆಟ್ಟಳ್ಳಿ ಕಡೆಯ ಎಸ್ಟೇಟ್ ಬಂಗಲೆಗಳಲ್ಲಿ ನಾನು ಮಾಡಿದ ಕೋವಿ ಕಪಾಟುಗಳು ಇವತ್ತಿಗೂ ಇವೆ. ಬೀಟೆ ಮರ, ಗಾಜಿನ ಬಾಗಿಲು, ಹಿತ್ತಾಳೆ ಬೀಗ, ಒಳಗೆ ಕೆಂಪು ಮಖಮಲ್ಲು. ನಾಲ್ಕು ಕೋವಿ ಸಾಲಾಗಿ ನಿಂತರೆ ನೋಡಿದವರು ಮಾತು ನಿಲ್ಲಿಸಬೇಕು. ಎದುರಿನವರಿಗೆ ಇದರಲ್ಲಿ ಒಂದೂ ಬರುತ್ತಿರಲಿಲ್ಲ. ಅವರು ಮಾಡುತ್ತಿದ್ದದ್ದು ಗೋಡೆಗೆ ಹೊಡೆಯುವ ಸ್ಟ್ಯಾಂಡು. ಸಾಮಿಲ್ಲಿನಲ್ಲಿ ಉಳಿದ ಹಲಸಿನ ತುಂಡು, ಮೇಲೆ ನಳಿಗೆ ಹಿಡಿಯಲು ಒಂದು ಕವಲು, ಕೆಳಗೆ ಹಿಡಿ ಕೂರಲು ಒಂದು ಬಟ್ಟಲು, ನಡುವೆ ಬೀಗ ಹಾಕುವ ಒಂದು ಕಬ್ಬಿಣದ ಸರಳು. ಬೆಲೆ ಎರಡು ಪ್ಲಾಸ್ಟಿಕ್ ಕುರ್ಚಿಯಷ್ಟು.

ನಮ್ಮಲ್ಲಿ ಕೋವಿ ಎಂದರೆ ಮನೆತನದ್ದು. ಅಪ್ಪನಿಂದ ಮಗನಿಗೆ, ದೊಡ್ಡಪ್ಪನಿಂದ ತಮ್ಮನ ಮಗನಿಗೆ ಬರುತ್ತದೆ. ಆದರೆ ಕೋವಿಯ ಉದ್ದ ಇದ್ದಷ್ಟೇ ಇದೆ, ಮನೆಗಳು ಮಾತ್ರ ಚಿಕ್ಕವಾದವು. ಮಿಲಿಟರಿಯಿಂದ ನಿವೃತ್ತಿಯಾಗಿ ಬಂದವನಿಗೆ ಎರಡು ರೂಮಿನ ಬಾಡಿಗೆ ಮನೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಒಂದು ಕ್ವಾರ್ಟರ್ಸು. ಅಲ್ಲೆಲ್ಲ ಕೋವಿ ಮಂಚದಡಿಯಲ್ಲಿ ಹಳೆ ಬೆಡ್‌ಶೀಟ್ ಸುತ್ತಿಕೊಂಡು ಮಲಗಿತ್ತು. ಅಂಥ ಮನೆಗಳಿಗೆ ನನ್ನ ಕಪಾಟು ಬಾಗಿಲಲ್ಲೇ ಹಿಡಿಸುತ್ತಿರಲಿಲ್ಲ. ಎದುರಿನವರ ಸ್ಟ್ಯಾಂಡನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋಗಬಹುದಿತ್ತು. ಹೀಗಾಗಿ ನನ್ನ ಅಂಗಡಿಯಲ್ಲಿ ನಾನು ಮಖಮಲ್ಲಿನ ಧೂಳು ಕೊಡವುತ್ತಾ ಕೂತಿರುತ್ತಿದ್ದೆ, ಎದುರಿಗೆ ಬೆಂಚಿನಲ್ಲಿ ಕೂರಲು ಜಾಗವಿರುತ್ತಿರಲಿಲ್ಲ.

ಇನ್ನೂ ಹೊಟ್ಟೆ ಉರಿಯುವ ಸಂಗತಿ ಎಂದರೆ ಅವರಿಗೆ ಸ್ವಂತ ಕೋವಿಯೇ ಇರಲಿಲ್ಲ. ನೆಲ್ಯಹುದಿಕೇರಿ ಕಡೆಯವರು. ಅವರ ತಂದೆ ಕೇರಳದಿಂದ ಎಸ್ಟೇಟ್ ಕೆಲಸಕ್ಕೆ ಬಂದು ಕೂಲಿಯವರ ಲೈನ್ ಮನೆಯಲ್ಲಿ ಉಳಿದವರು. ಇವರು ಲೈನಿನಲ್ಲೇ ಬೆಳೆದು, ಮರಗೆಲಸ ಕಲಿತು ಮಡಿಕೇರಿಗೆ ಬಂದರು. ಮಲೆಯಾಳ, ಕೊಡವ, ನಮ್ಮ ಗೌಡರ ಅರೆಭಾಷೆ, ಕನ್ನಡ ಎಲ್ಲವನ್ನೂ ಮಾತಾಡುತ್ತಿದ್ದರು, ಒಂದರೊಳಗೆ ಇನ್ನೊಂದನ್ನು ಬೆರೆಸಿಯೇ. ಬಂದವರಿಗೆ ಎಲ್ಲರಿಗೂ ಇವರು ನಮ್ಮವರೇ ಎನಿಸುತ್ತಿತ್ತು. ನಾನು ಕೊಡಗಿನಲ್ಲೇ ಹುಟ್ಟಿದ ಗೌಡ, ನನ್ನ ಅಂಗಡಿಗೆ ಬಂದವರು 'ರೇಟ್ ಎಷ್ಟು' ಎಂದು ಕೇಳಿ ರಸ್ತೆ ದಾಟುತ್ತಿದ್ದರು.

"ಕೋವಿ ಹಿಡಿದು ಗೊತ್ತಿಲ್ಲದವರು ಕೋವಿಗೆ ಮನೆ ಕಟ್ಟುದು ನೋಡಿ," ಎಂದು ನಾನು ಗಿರಾಕಿಗಳ ಹತ್ತಿರ ಆಡಿಕೊಳ್ಳುತ್ತಿದ್ದೆ. ಹಲಸಿನ ತುಂಡಿಗೆ ಎರಡೇ ವರ್ಷದಲ್ಲಿ ಹುಳ ಬೀಳುತ್ತದೆ ಎಂಬ ಸುದ್ದಿ ಹಬ್ಬಿಸಿದವನೂ ನಾನೇ. ಅದು ಅವರ ಕಿವಿಗೂ ಬಿತ್ತು. ಅವರು ಒಬ್ಬ ಗಿರಾಕಿಯ ಹತ್ತಿರ, "ಹೌದು, ಹಲಸಿನ ಹೊರಗಿನ ಬಿಳಿ ಭಾಗಕ್ಕೆ ಬೀಳ್ತದೆ. ಗೌಡ್ರು ಹೇಳಿದ್ದು ಸರಿ. ನಾನು ತಿರುಳು ಮಾತ್ರ ಹಾಕುದು," ಎಂದರಂತೆ. ಜಗಳಕ್ಕೆಂದು ಎಸೆದ ಕಲ್ಲನ್ನು ಹೀಗೆ ಜೋಪಾನವಾಗಿ ಹಿಡಿದಿಟ್ಟುಕೊಂಡರೆ ಮನುಷ್ಯನಿಗೆ ಎಷ್ಟು ಸಿಟ್ಟು ಬರಬೇಡ!

ಅವರ ಕೆಲಸದ ಕ್ರಮ ನನಗೆ ನನ್ನದಕ್ಕಿಂತ ಚೆನ್ನಾಗಿ ಗೊತ್ತು, ಅಷ್ಟು ವರ್ಷ ನೋಡಿದ್ದೇನೆ. ಯಾರೇ ಕೋವಿ ತಂದರೂ, ಅವರು ಕರ್ನಲ್ಲೇ ಆಗಿರಲಿ, "ಮಡಚಿ ತೋರ್ಸಿ" ಎನ್ನುತ್ತಿದ್ದರು. ನಳಿಗೆಯೊಳಗೆ ತೋಟೆ, ಅಂದರೆ ಮದ್ದುಗುಂಡು, ಇಲ್ಲ ಎಂದು ತಾವೇ ಬಗ್ಗಿ ನೋಡಿದ ಮೇಲೆಯೇ ಕೈ ಚಾಚುತ್ತಿದ್ದರು. ಅಳತೆ ಪಟ್ಟಿ ಮುಟ್ಟುತ್ತಿರಲಿಲ್ಲ, ಕೋವಿಯನ್ನು ತಮ್ಮ ತೋಳಿನ ಮೇಲೆ ಮಲಗಿಸಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು, ಅಷ್ಟೆ. ಆಮೇಲೆ ಗಿರಾಕಿಯ ಮನೆಗೆ ತಾವೇ ಹೋಗಬೇಕು. ಮನೆ ನೋಡದೆ ಸ್ಟ್ಯಾಂಡು ಮಾಡಿದವರಲ್ಲ. ಒಮ್ಮೆ ಒಬ್ಬ ದೊಡ್ಡ ಪ್ಲಾಂಟರು, ನೆಂಟರು ಒಳಗೆ ಬಂದ ಕೂಡಲೇ ಕಾಣಬೇಕು, ಮುಂಬಾಗಿಲಿನ ಎದುರಿಗೇ ಹೊಡಿ ಎಂದಾಗ ಇವರು ಚೀಲ ಹೆಗಲಿಗೇರಿಸಿಕೊಂಡು, "ಅದಕ್ಕೆ ಎದುರಿನ ಗೌಡ್ರ ಕಪಾಟೇ ಚಂದ. ಅಲ್ಲಿಗೆ ಹೋಗಿ," ಎಂದು ನನ್ನ ಅಂಗಡಿಗೆ ಕಳಿಸಿದರು. ಆ ವರ್ಷ ನನಗೆ ಸಿಕ್ಕಿದ ಒಂದೇ ದೊಡ್ಡ ಆರ್ಡರು ಅದು. ಅದನ್ನು ಮಾಡಿ ಮುಗಿಸುವವರೆಗೂ ನನಗೆ ಊಟ ರುಚಿಸಲಿಲ್ಲ.

ಈಗ ನನ್ನ ಕತೆಗೆ ಬರಬೇಕು, ಬಾರದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ನಮ್ಮ ಕುಟುಂಬದ ಜೋಡಿನಳಿಗೆಯ ಕೋವಿ ಅಪ್ಪ ತೀರಿಹೋದ ಮೇಲೆ ಗಾಳಿಬೀಡಿನ ದೊಡ್ಡಪ್ಪನ ಹತ್ತಿರ ಇತ್ತು. ದೊಡ್ಡಪ್ಪನಿಗೆ ಗಂಡುಮಕ್ಕಳಿಲ್ಲ, ಕಣ್ಣೂ ಮಂಜಾಗುತ್ತಾ ಬಂದಿತ್ತು. ಕೋವಿ ಇನ್ನು ನನಗೆ ಬರಬೇಕು, ಇಲ್ಲವೇ ಚೆಟ್ಟಳ್ಳಿಯಲ್ಲಿರುವ ಚಿಕ್ಕಪ್ಪನ ಮಗನಿಗೆ ಹೋಗಬೇಕು. ಅವನದ್ದು ದೊಡ್ಡ ಮನೆ, ದೊಡ್ಡ ಹಾಲು. ನನ್ನದು ಅಂಗಡಿಯ ಹಿಂದೆ ಎರಡು ರೂಮು, ಒಂದು ಅಡಿಗೆಮನೆ. ಅಪ್ಪ ಹಿಡಿದ ಕೋವಿ ನನ್ನ ಕೈಗೆ ಬರದೆ ಅವನ ಹಾಲಿನಲ್ಲಿ ಹೋಗಿ ನಿಂತರೆ ನಾನು ಊರಿನಲ್ಲಿ ಮುಖ ಎತ್ತುವುದು ಹೇಗೆ? ಕೋವಿಯ ಕಾಗದಪತ್ರದಲ್ಲಿ ನಮ್ಮಿಬ್ಬರ ಹೆಸರೂ ಸೇರಿತ್ತು. ದೊಡ್ಡಪ್ಪ ಮಳೆ ಶುರುವಾಗುವ ಮೊದಲು ನನ್ನನ್ನು ಕರೆಸಿದರು.

"ಮನೆ ಸಣ್ಣದ್ ಅಂತ ನಂಗೆ ಬೇಜಾರಿಲ್ಲೆ. ಇಡುವ ಜಾಗ ಸರಿ ಉಂಟಾ ಅಂತ ನೋಡೊಕು," ಎಂದರು. "ಈ ಮಳೆಗಾಲ ನಿನ್ನಲ್ಲಿ ಇರ್ಲಿ. ಕೈಲ್‌ಮುಹೂರ್ತಕ್ಕೆ ನಾನೇ ಬಂದ್ ನೋಡುವ."

ಕೈಲ್‌ಮುಹೂರ್ತ ನಮ್ಮ ಆಯುಧಪೂಜೆ. ಮಳೆಯ ಜೋರು ಇಳಿದ ಮೇಲೆ, ನಾಟಿಯೆಲ್ಲ ಮುಗಿದು ಬರುವ ಹಬ್ಬ. ಕೋವಿಯನ್ನು ತೊಳೆದು ಒರೆಸಿ ಹೂ ಇಟ್ಟು ಪೂಜೆ ಮಾಡಿ, ಹಿರಿಯರು ಅದನ್ನು ಕಿರಿಯರ ಕೈಗೆ ಕೊಡುವ ದಿನ.

ನಾನು ಬಡಗಿ. ಬೇರೆಯವರ ಬಂಗಲೆಗೆ ಮಾಡಿದವನು ನನ್ನ ಮನೆಗೆ ಮಾಡಿಕೊಳ್ಳುವುದಿಲ್ಲವೇ? ಇದ್ದ ಬೀಟೆಯನ್ನೆಲ್ಲ ಹಾಕಿ ಕಪಾಟು ಮಾಡಿದೆ. ಮಖಮಲ್ಲನ್ನು ಮೈಸೂರಿನಿಂದ ತರಿಸಿದೆ. ಹಾಲಿನ ಪಶ್ಚಿಮದ ಗೋಡೆಗೆ ಅದನ್ನು ನಿಲ್ಲಿಸಿದಾಗ ಹೆಂಡತಿ, "ಎಂಥ ಮಾರಾಯ್ರೆ, ಇನ್ನು ನಾವು ಎಲ್ಲಿ ಕೂರುದು?" ಎಂದಳು. ಸೋಫಾವನ್ನು ಅಂಗಡಿಗೆ ಸಾಗಿಸಿದೆ. ಕೋವಿ ಒಳಗಿಟ್ಟು ಬೀಗ ಹಾಕಿದೆ. ರಸ್ತೆಗೆ ಕಾಣಲೆಂದು ಕಿಟಕಿಯ ಪರದೆಯನ್ನೂ ತೆಗೆದೆ. ಕಾಣಬೇಕಾದದ್ದು ಯಾರಿಗೆ ಎಂದು ನಿಮಗೆ ಗೊತ್ತೇ ಇದೆ.

ಆ ವರ್ಷದ ಮಳೆ ಬಿಡುವು ಕೊಡದೆ ಹೊಡೆಯಿತು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಕೋವಿ ಒರೆಸೋಣ ಎಂದು ಬೀಗ ತೆಗೆದೆ. ಗಾಜಿನ ಒಳಗಡೆ ಹನಿ ಕಟ್ಟಿತ್ತು. ಬೂಸಲಿನ ವಾಸನೆ ಮುಖಕ್ಕೆ ಹೊಡೆಯಿತು. ಕೋವಿಯನ್ನು ಎತ್ತಿದರೆ ಮಖಮಲ್ಲು ಅದರ ಜೊತೆಗೇ ಎದ್ದು ಬಂತು. ಬಿಡಿಸಿ ನೋಡಿದರೆ ನಳಿಗೆಯ ಉದ್ದಕ್ಕೂ ಕಂದು ಬಣ್ಣದ ತುಕ್ಕಿನ ಗೆರೆ. ಅಪ್ಪ ಪ್ರತಿ ಭಾನುವಾರ ಎಣ್ಣೆ ಹಾಕಿ ಉಜ್ಜುತ್ತಿದ್ದ ಕೋವಿ. ಪಂಚೆಯ ತುದಿಯಿಂದ ಉಜ್ಜಿದೆ, ಹೋಗಲಿಲ್ಲ.

"ಎದುರಿನವರನ್ನ ಕರೀರಿ," ಎಂದಳು ಹೆಂಡತಿ.

"ಸತ್ತರೂ ಕರೆಯುದಿಲ್ಲ."

"ಹಾಗಾದ್ರೆ ಚೆಟ್ಟಳ್ಳಿಗೆ ಫೋನ್ ಮಾಡಿ. ಬಂದು ತಗೊಂಡು ಹೋಗ್ಲಿ."

ಮಧ್ಯಾಹ್ನದವರೆಗೆ ಕೂತಿದ್ದೆ. ಆಮೇಲೆ ಎದ್ದು ರಸ್ತೆ ದಾಟಿದೆ. ಅಷ್ಟು ವರ್ಷಗಳಲ್ಲಿ ಒಮ್ಮೆ ಮಾತ್ರ ದಾಟಿದ್ದೆ, ಅದೂ ಅವರ ಹಲಗೆ ರಾಶಿ ನನ್ನ ಬೋರ್ಡಿಗೆ ಅಡ್ಡ ಬರುತ್ತದೆ ಎಂದು ಬೈಯಲು. ಅವರು ಬೆಲ್ಲದ ಕಾಫಿ ಕುಡಿಯುತ್ತಿದ್ದರು. "ಮೇಸ್ತ್ರಿ, ಒಂದು ಗಳಿಗೆ ಬನ್ನಿ," ಎಂದೆ. ಯಾಕೆ ಎಂದು ಕೇಳಲಿಲ್ಲ. ಲೋಟ ಕೆಳಗಿಟ್ಟು ನನ್ನ ಹಿಂದೆಯೇ ಬಂದರು.

ಮನೆಯೊಳಗೆ ಕಾಲಿಟ್ಟವರೇ, "ಮಡಚಿ ತೋರ್ಸಿ," ಎಂದರು. ನನ್ನ ಕೋವಿಗೂ! ಹಲ್ಲು ಕಚ್ಚಿ ತೋರಿಸಿದೆ. ನಳಿಗೆ ನೋಡಿದರು, ಮಖಮಲ್ಲಿನ ತುಂಡನ್ನು ಮೂಸಿದರು. ನಗುತ್ತಾರೆ ಎಂದು ಕಾದೆ. ಒಂದು ಸಲ ನಕ್ಕಿದ್ದರೆ ಎಲ್ಲವೂ ಸುಲಭವಾಗುತ್ತಿತ್ತು, ನಾನೂ ಎರಡು ಮಾತು ಅಂದು ಮುಗಿಸುತ್ತಿದ್ದೆ. ಅವರು ಕಪಾಟಿನ ಮೂಲೆಯ ಜೋಡಣೆಯ ಮೇಲೆ ಹೆಬ್ಬೆರಳು ಆಡಿಸಿ, "ಈ ಮೂಲೆ ಸೇರ್ಸಿದ್ದು ನನ್ನ ಕೈಯಲ್ಲಿ ಆಗುದಿಲ್ಲ ಗೌಡ್ರೆ," ಎಂದರು. "ಬಟ್ಟೆ ಮಾತ್ರ ಬೇಡಿತ್ತು. ನಮ್ಮ ಮಳೆಗೆ ಬಟ್ಟೆ ನೀರು ಕುಡೀತದೆ. ಗಾಜು ಅದನ್ನು ಹೊರಗೆ ಬಿಡುದಿಲ್ಲ. ಬಂಗಲೆಯಲ್ಲಿ ಆದ್ರೆ ಬೆಂಕಿ ಗೂಡು ಉಂಟು, ಒಣಗ್ತದೆ."

ಇದು ನನಗೆ ಯಾಕೆ ಹೊಳೆಯಲಿಲ್ಲ? ಮಳೆಗಾಲದಲ್ಲಿ ಒಗೆದ ಬಟ್ಟೆ ಎಂಟು ದಿನವಾದರೂ ಒಣಗದ ಊರಿನಲ್ಲಿ ಹುಟ್ಟಿ ಬೆಳೆದವನು ನಾನು.

ಆಮೇಲೆ ಅವರು ಗೋಡೆ ನೋಡಲು ಹೊರಟರು. ಪ್ರತಿ ಗೋಡೆಗೂ ಅಂಗೈ ಒತ್ತಿ, ಕಣ್ಣು ಮುಚ್ಚಿ, ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ನಿಲ್ಲುವರು. ಪಶ್ಚಿಮದ ಗೋಡೆಯ ಹತ್ತಿರ ತಲೆ ಅಲ್ಲಾಡಿಸಿದರು. ಕೊನೆಗೆ ಮಲಗುವ ರೂಮಿನ ಬಾಗಿಲ ಹಿಂದೆ ನಿಂತರು. ಆ ಗೋಡೆಯ ಆಚೆಗೆ ಬಚ್ಚಲು, ಸ್ನಾನದ ನೀರಿಗೆ ದಿನಾ ಬೆಂಕಿ ಹಾಕುವ ಹಂಡೆಯ ಒಲೆ.

"ಇಲ್ಲಿ," ಎಂದರು.

"ಬಾಗಿಲ ಹಿಂದೆಯಾ? ಪೊರಕೆ ಇಡುವ ಜಾಗದಲ್ಲಿ?"

"ಅದಕ್ಕೆ ಬೆಚ್ಚಗೆ ಇರ್ಬೇಕು, ಗಾಳಿ ಬೇಕು, ಯಾರ ಕೈಗೂ ಸಿಕ್ಕಬಾರದು. ಮೆರವಣಿಗೆ ಬೇಡ."

ಸ್ಟ್ಯಾಂಡನ್ನು ನನ್ನ ಅಂಗಡಿಯಲ್ಲಿ, ನನ್ನ ಉಳಿ ಹಿಡಿದು, ನನ್ನದೇ ಹಲಸಿನ ತುಂಡಿನಿಂದ ಮಾಡಿದರು. ನಾನು ಪಕ್ಕದಲ್ಲೇ ನಿಂತು ಒಂದೊಂದು ಏಟನ್ನೂ ನೋಡಿದೆ. ಕವಲಿಗೆ ಬಟ್ಟೆ ಇಲ್ಲ, ತೊಗಲು ಇಲ್ಲ. ಕೈಯಿಂದ ಸವರಿದರೆ ಜಾರಬೇಕು, ಅಷ್ಟು ಉಜ್ಜಿ, ಬಿಸಿ ಮಾಡಿದ ಜೇನುಮೇಣ ಕುಡಿಸಿದರು. ಗೋಡೆಗೂ ನಳಿಗೆಗೂ ನಡುವೆ ಮೂರು ಬೆರಳು ಖಾಲಿ ಬಿಟ್ಟರು. ಹೆಂಡತಿಯನ್ನು ಕರೆದು, "ಅಮ್ಮ, ಕುರ್ಚಿ ಮೇಲೆ ನಿಂತು ಕೈ ಎತ್ತಿ," ಎಂದು, ಮಕ್ಕಳು ಕುರ್ಚಿ ಹಾಕಿದರೂ ಸಿಗದ ಎತ್ತರವನ್ನು ಗುರುತು ಮಾಡಿದರು. ತೋಟೆ ಈ ರೂಮಿನಲ್ಲಿ ಇರಲೇಬಾರದು, ಬೇರೆ ಬೀಗದಲ್ಲಿ, ಬೇರೆ ರೂಮಿನಲ್ಲಿ ಎಂದು ಎರಡು ಸಲ ಹೇಳಿದರು. ಆಮೇಲೆ ಎರಡು ದಿನ ಬಂದು ತೆಂಗಿನೆಣ್ಣೆ ಹಾಕಿ ನಳಿಗೆಯ ತುಕ್ಕಿನ ಗೆರೆಯನ್ನು ಉಜ್ಜಿ ಉಜ್ಜಿ ತೆಗೆದರು. ಹಣ ಬೇಡ ಎನ್ನುತ್ತಾರೆ, ಆಗ ಬಲವಂತ ಮಾಡಿ ಕೊಟ್ಟು ಗೆಲ್ಲಬೇಕು ಎಂದು ಯೋಚಿಸಿಟ್ಟಿದ್ದೆ. ಎಲ್ಲರಿಂದ ತೆಗೆದುಕೊಳ್ಳುವಷ್ಟನ್ನೇ ತೆಗೆದುಕೊಂಡು ಹೋದರು.

ಹಬ್ಬದ ದಿನ ದೊಡ್ಡಪ್ಪ ಬಂದರು. ಹೆಂಡತಿ ನನ್ನನ್ನು ಕೇಳದೆ ಎದುರಿನವರನ್ನೂ ಊಟಕ್ಕೆ ಕರೆದಿದ್ದಳು. ಪೂಜೆಗೆ ಮೊದಲು ದೊಡ್ಡಪ್ಪ ರೂಮಿಗೆ ಹೋಗಿ ಬಾಗಿಲು ಸರಿಸಿ ನೋಡಿದರು. ಗೋಡೆ ಮುಟ್ಟಿದರು. ಮೂರು ಬೆರಳಿನ ಸಂದಿಗೆ ತಮ್ಮ ಬೆರಳು ಹಾಕಿದರು. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕೂರುವಾಗ ನನ್ನ ಬೆನ್ನು ತಟ್ಟಿ, "ಒಳ್ಳೆ ಕೆಲ್ಸ ಮಾಡಿದಿಯ. ನಿನ್ನ ಕೈಲಿ ಇಂಥ ಕೆಲ್ಸ ನಾನ್ ಕಂಡಿಲ್ಲೆ," ಎಂದರು.

ಎಲೆಯ ಮುಂದೆ ಎದುರಿನವರು ಕೂತಿದ್ದರು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಹೇಳಲು ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಎದುರಿನವರು ಕಡುಬನ್ನು ಮುರಿದು ಹಂದಿ ಸಾರಿಗೆ ಅದ್ದಿ, "ಸಾರು ಭಾರಿ ಒಳ್ಳೇದಾಗಿದೆ ಅಮ್ಮ," ಎಂದರು. ದೊಡ್ಡಪ್ಪ ನನ್ನ ಮುಖ, ಅವರ ಮುಖ ನೋಡಿ ತಮ್ಮ ಎಲೆಯ ಮುಂದೆ ಕೂತರು. ಊಟ ಮುಗಿದ ಮೇಲೆ ಹೂವಿಟ್ಟ ಕೋವಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.

ಆ ಮೇಲಿನ ಹನ್ನೊಂದು ವರ್ಷ ನಾನು ಅನುಭವಿಸಿದ್ದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಮನೆಗೆ ಬಂದವರು ಸ್ಟ್ಯಾಂಡು ಮೆಚ್ಚಿದರೆ ಮುಗುಳ್ನಕ್ಕು ಸುಮ್ಮನಾಗುವೆ. ಅಂಥದ್ದೇ ಮಾಡಿಕೊಡಿ ಎಂದವರಿಗೆ ಮಾಡಿಯೂ ಕೊಟ್ಟೆ. ಒಂದರಲ್ಲಿ ಕವಲು ಬಿಗಿ, ಇನ್ನೊಂದರಲ್ಲಿ ಬಟ್ಟಲು ಓರೆ. ಎದುರಿನವರು ಒಂದು ದಿನ ಬಾಯಿ ಬಿಟ್ಟೇ ಬಿಡುತ್ತಾರೆ ಎಂದು ಕಾಯುತ್ತಿದ್ದೆ. ಬಿಟ್ಟಿದ್ದರೆ ಜಗಳ ಆಡಿ ಹಗುರಾಗಬಹುದಿತ್ತು. ಅವರು ಒಂದು ಕಣ್ಸನ್ನೆಯನ್ನೂ ಮಾಡಲಿಲ್ಲ. ಬೆಳಿಗ್ಗೆ ಎದುರಾದರೆ "ಕಾಫಿ ಆಯ್ತಾ ಗೌಡ್ರೆ?" ಎನ್ನುವರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ತೀರಿಕೊಂಡ ಸುದ್ದಿ ಬಂದಾಗ ಹೋದೆ. ಗಾಳಿಬೀಡು ರಸ್ತೆಯಲ್ಲೇ ಒಂದು ಮೈಲಿ ಮುಂದೆ ಅವರ ಮನೆ. ಜೀಪುಗಳು ತಿರುವಿನವರೆಗೆ ನಿಂತಿದ್ದವು. ನಿವೃತ್ತ ಹವಾಲ್ದಾರರು, ರೈಟರುಗಳು, ಬಾಡಿಗೆ ಮನೆಯ ಟೀಚರಮ್ಮ, ಅಂದು ಮುಂಬಾಗಿಲಿಗೆ ಎದುರು ಹೊಡಿ ಎಂದಿದ್ದ ಪ್ಲಾಂಟರು ಕೂಡ. ನಾನು ಸತ್ತರೆ ಇದರಲ್ಲಿ ಅರ್ಧವಾದರೂ ಬರುತ್ತಾರೆಯೇ ಎಂದು ಹೆಣದ ಮುಂದೆ ನಿಂತೇ ಯೋಚಿಸಿದೆ. ಸುಳ್ಳೇಕೆ ಹೇಳಲಿ, ಆಗಲೂ ಹೊಟ್ಟೆಕಿಚ್ಚೇ.

ದೊಡ್ಡಪ್ಪನಿಗೆ ಈಗ ಎಂಬತ್ತೆಂಟು. ಅವರನ್ನೂ ಯಾರೋ ಕರೆತಂದಿದ್ದರು. ಅಂಗಳದ ಕುರ್ಚಿಯಿಂದಲೇ ನನ್ನನ್ನು ಕರೆದು, "ಹೋಗ್, ಕೋವಿ ತಾ. ಎರಡ್ ಗುಂಡು ಹೊಡೆಯೊಕು," ಎಂದರು. ನಮ್ಮಲ್ಲಿ ಸಾವಾದರೆ ಹಾಗೆ ಆಕಾಶಕ್ಕೆ ಎರಡು ಗುಂಡು ಹಾರಿಸುವ ಪದ್ಧತಿ.

"ಇವರಲ್ಲಿ ಆ ಕ್ರಮ ಇಲ್ಲೆ ದೊಡ್ಡಪ್ಪ."

"ಅವರ ಹೆಂಡ್ತಿನ ಕೇಳಿದೆ. ಆಗುದು ಅಂದೊ." ದೊಡ್ಡಪ್ಪ ನನ್ನ ಕೈ ಹಿಡಿದು ಹತ್ತಿರ ಎಳೆದರು. "ಆ ಕೋವಿ ನಿಂಗೆ ಕೊಡ್ಸಿದ್ದೇ ಇವ್ರು. ಆ ಹಬ್ಬದ ದಿನ ನಿನ್ನ ಮನೆಗೆ ಬರುವ ಮೊದ್ಲು ನಾನ್ ಇವರ ಶೆಡ್ಡಿಗೆ ಹೋಗಿದ್ದೆ. ನಿಂಗೆ ಕೋವಿ ಕೊಟ್ರೆ ಆಗುದಾ ಅಂತ ಕೇಳಿದೆ. ಕೊಡಿ, ಗೊತ್ತಿಲ್ಲದ್ದನ್ನ ಕೇಳಕ್ಕೆ ರಸ್ತೆ ದಾಟಿ ಬರುವ ಜನ ಅವ ಅಂದೊ. ಸ್ಟ್ಯಾಂಡಿನ ಸುದ್ದಿ ಹೇಳಿಲ್ಲೆ. ಅದು ಯಾರ ಕೆಲ್ಸ ಅಂತ ನೋಡಿರೆ ನಂಗೆ ಗೊತ್ತಾಗದಾ? ನೀನೇ ಹೇಳುವೆ ಅಂತ ಕಾದೆ."

ಹನ್ನೊಂದು ವರ್ಷ ಕಾದಿದ್ದಾರೆ. ಅಪ್ಪನ ಕೋವಿ ನನ್ನ ಯೋಗ್ಯತೆಗೆ ಬಂತು ಎಂದುಕೊಂಡಿದ್ದೆ, ಅದೂ ಅವರ ಒಂದು ಮಾತಿನಿಂದ ಬಂದದ್ದು.

ಮನೆಗೆ ಹೋಗಿ ಬಾಗಿಲು ಸರಿಸಿ, ಸರಳಿನ ಬೀಗ ತೆಗೆದು ಕೋವಿ ಇಳಿಸಿದೆ. ಇನ್ನೊಂದು ರೂಮಿನಿಂದ ಎರಡು ತೋಟೆ ತೆಗೆದುಕೊಂಡೆ. ಮರಳಿ ಬಂದಾಗ ಅಂಗಳದ ಜನ ಬದಿಗೆ ಸರಿದು ದಾರಿ ಬಿಟ್ಟರು. ಹೆಣದ ಹತ್ತಿರ ನಿಂತು, ಕೋವಿ ಎತ್ತುವ ಮೊದಲು, ಎಲ್ಲರಿಗೂ ಕೇಳುವಂತೆ ಜೋರಾಗಿಯೇ ಹೇಳಿದೆ:

"ನನ್ನ ಮನೆಯ ಸ್ಟ್ಯಾಂಡು ನಾನು ಮಾಡಿದ್ದಲ್ಲ. ಇವರು ಮಾಡಿಕೊಟ್ಟದ್ದು."

ಯಾರೂ ಬೆರಗಾಗಲಿಲ್ಲ. ಮುಂದೆ ನಿಂತಿದ್ದ ಹವಾಲ್ದಾರರು ಕಣ್ಣೊರೆಸಿಕೊಂಡು, "ಅದು ಇಲ್ಲಿ ಎಲ್ಲರಿಗೂ ಗೊತ್ತುಂಟು ಮಾರಾಯ," ಎಂದರು. "ನೀ ಈಗ ಗುಂಡು ಹೊಡಿ."